ಒಂದೇ ಬೆಂಚು ಸಾಲದು, ಒಂದೇ ಕೆಲಸ ಬೇಕು

2022ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಕಾಲೇಜುಗಳ ಮುಂದೆ ನಡೆದುದನ್ನು ಓದುಗರು ಮರೆತಿರಲಾರರು. ಹಿಜಾಬು ಧರಿಸಿದ ಹುಡುಗಿಯರು ಒಂದು ಕಡೆ, ಕೇಸರಿ ಶಾಲು ಹೊದ್ದ ಹುಡುಗರು ಇನ್ನೊಂದು ಕಡೆ. ಸರಕಾರವು ಮೂರು ದಿನ ಪ್ರೌಢಶಾಲೆ, ಕಾಲೇಜುಗಳನ್ನು ಮುಚ್ಚಬೇಕಾಯಿತು. ಮುಂದಿನ ತಿಂಗಳೇ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಗೊಡಲಿಲ್ಲ. ಶಾಲೆಯ ಬಿರುಕಿಗೂ ಸಂತೆಯ ಬಿರುಕಿಗೂ ದೂರವಿಲ್ಲ. ಕಿಡಿ ಎಸೆದವರು ಹೊರಗಿನವರಿರಬಹುದು; ಒಣಹುಲ್ಲು ಒಳಗೇ ಇತ್ತು. ಒಂದೇ ಸೂರಿನಡಿ ಕುಳಿತ ಮಕ್ಕಳಲ್ಲಿ ಸ್ನೇಹವೇಕೆ ಬೇರೂರಲಿಲ್ಲ?

ಈ ಪ್ರಶ್ನೆಗೆ ಅಮೆರಿಕದ ಅನುಭವವೊಂದು ಉತ್ತರ ಕೊಡುತ್ತದೆ. ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಸರಕಾರಿ ಶಾಲೆ ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿನ ಸುಪ್ರೀಂ ಕೋರ್ಟು 1954ರಲ್ಲಿ ತೀರ್ಪಿತ್ತಿತು. ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಬಿಳಿಯ, ಕರಿಯ, ಮೆಕ್ಸಿಕನ್ ಮೂಲದ ಮಕ್ಕಳು ನಿಜವಾಗಿ ಒಂದೇ ಕೋಣೆಯಲ್ಲಿ ಕೂಡುವ ಹೊತ್ತಿಗೆ 1971 ಬಂದಿತ್ತು. ಕೂಡಿದ ಕೆಲವೇ ವಾರಗಳಲ್ಲಿ ಹೊಡೆದಾಟ ಆರಂಭವಾಯಿತು.

ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞರು ತರಗತಿಗಳಿಗೆ ಹೋಗಿ ನೋಡಿದರು. ಮೇಷ್ಟರು ಪ್ರಶ್ನೆ ಕೇಳುವುದು, ಬಲ್ಲವನು ಕೈಯೆತ್ತುವುದು, ಅವನು ತಪ್ಪಲೆಂದು ಉಳಿದವರು ಕಾಯುವುದು, ಎಲ್ಲವೂ ಪೈಪೋಟಿಯೇ. ಅವರು ಮಕ್ಕಳನ್ನು ಐದಾರು ಜನರ ಮಿಶ್ರ ಗುಂಪುಗಳಾಗಿ ಮಾಡಿ, ಪಾಠವನ್ನೂ ಅಷ್ಟೇ ತುಂಡು ಮಾಡಿದರು. ಪ್ರತಿಯೊಬ್ಬನೂ ತನ್ನ ತುಂಡನ್ನು ಕಲಿತು ಉಳಿದವರಿಗೆ ಕಲಿಸಬೇಕು. ಪರೀಕ್ಷೆ ಮಾತ್ರ ಇಡೀ ಪಾಠದ ಮೇಲೆ. ನಿನ್ನೆ ಗೇಲಿಗೊಳಗಾದ ಹುಡುಗನ ಮಾತಿಗೆ ಇಂದು ಕಿವಿಗೊಡದಿದ್ದರೆ ತನಗೇ ಅಂಕ ನಷ್ಟ. ಕೆಲವೇ ವಾರಗಳಲ್ಲಿ ಗುಂಪಿನವರಲ್ಲಿ ಪರಸ್ಪರ ಮೆಚ್ಚುಗೆ ಬೆಳೆಯಿತು. ಕರಿಯ ಮತ್ತು ಮೆಕ್ಸಿಕನ್ ಮೂಲದ ಮಕ್ಕಳ ಅಂಕಗಳು ಏರಿದವು. ಬಿಳಿಯ ಮಕ್ಕಳ ಅಂಕಗಳು ಇಳಿಯಲಿಲ್ಲ.

ಗಿರಣಿಯಲ್ಲಿ ದುಡಿದವರಿಗೆ ಈ ತತ್ತ್ವ ಹೊಸದಲ್ಲ. ನೂಲುವವನ ನೂಲಿಲ್ಲದೆ ನೇಯುವವನ ಮಗ್ಗ ನಡೆಯದು. ಆದರೆ ಕಾರ್ಮಿಕ ಚರಿತ್ರೆ ಇನ್ನೊಂದು ಕಹಿ ಪಾಠವನ್ನೂ ಕಲಿಸಿದೆ. ಲಾಳಿಯ ನೂಲನ್ನು ಬಾಯಿಂದ ಸೆಳೆಯಬೇಕೆಂಬ ನೆಪದಲ್ಲಿ ಮುಂಬಯಿಯ ಗಿರಣಿಗಳಲ್ಲಿ ದಲಿತರನ್ನು ಹೆಚ್ಚು ಕೂಲಿಯ ನೇಯ್ಗೆ ಖಾತೆಯಿಂದ ದೂರವಿಟ್ಟಿದ್ದರು. 1928ರ ಮುಷ್ಕರದ ಕಾಲದಲ್ಲಿ ಡಾ. ಅಂಬೇಡ್ಕರರು ಈ ಅನ್ಯಾಯವನ್ನು ಎತ್ತಿ ಹಿಡಿದು ತೋರಿಸಿದರು. ಕೂಡಿ ದುಡಿದರೂ ಸ್ಥಾನ ಸಮಾನವಾಗಿರದಿದ್ದರೆ ಮನಸ್ಸು ಕೂಡದು.

ಸಮಾನ ಸ್ಥಾನದ ನಿದರ್ಶನ ನೆರೆಯ ಸಾತಾರೆಯಲ್ಲಿದೆ. ಕರ್ಮವೀರ ಭಾವುರಾವ್ ಪಾಟೀಲರು 1924ರಲ್ಲಿ ಅಲ್ಲಿ ಆರಂಭಿಸಿದ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿಗಳ ಹುಡುಗರು ಒಟ್ಟಿಗೆ ದುಡಿದು, ಒಂದೇ ಪಂಕ್ತಿಯಲ್ಲಿ ಉಂಡು, ಓದಿದರು. 1927ರಲ್ಲಿ ಗಾಂಧೀಜಿಯವರು ಅಲ್ಲಿಗೆ ಭೇಟಿಯಿತ್ತರು.

ಆಟದಲ್ಲಿಯೂ ಇದೇ ವಿವೇಕ ಬೇಕು. ಉತ್ತರ ಪ್ರದೇಶದಲ್ಲಿ ಯುವಕರ ಕ್ರಿಕೆಟ್ ಪಂದ್ಯಗಳನ್ನು ಏರ್ಪಡಿಸಿ ನಡೆಸಿದ, 2021ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಬೇರೆ ಜಾತಿಯವರೊಡನೆ ಒಂದೇ ತಂಡದಲ್ಲಿ ಆಡಿದವರಿಗೆ ಜಾತಿಯಾಚೆಯ ಗೆಳೆಯರು ಹೆಚ್ಚಿದರು. ಎದುರಾಳಿಗಳಾಗಿ ಆಡಿದಾಗ ಆ ಗೆಳೆತನ ಕುಗ್ಗಿತು. ಕೇರಿಗೊಂದು ತಂಡ ಕಟ್ಟಿ ಸೆಣಸಾಡಿಸುವವರು ಇದನ್ನು ಗಮನಿಸಲಿ.

ಆದುದರಿಂದ ವರ್ಷಕ್ಕೊಮ್ಮೆ ಭಾವೈಕ್ಯದ ಪ್ರತಿಜ್ಞೆ ಹೇಳಿಸಿ ಕೈತೊಳೆದುಕೊಳ್ಳುವುದು ಸಲ್ಲದು. ಗುಂಪುಪಾಠ, ಶಾಲಾ ತೋಟ, ನಾಟಕ, ಆಟದ ತಂಡ, ಎಲ್ಲದರಲ್ಲಿಯೂ ಮಕ್ಕಳು ಬೆರೆಯಬೇಕು. ಕಸ ಗುಡಿಸುವ ಸರದಿಯೂ ನಾಯಕತ್ವದ ಸರದಿಯೂ ಎಲ್ಲರಿಗೂ ಬರಬೇಕು. ಬಿಸಿಯೂಟದ ಅಡಿಗೆ ಕೆಲಸದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟು 2004ರಲ್ಲೇ ಆದೇಶಿಸಿದೆ. ದಲಿತ ತಾಯಿ ಬಡಿಸಿದ ಅನ್ನವನ್ನು ಬೇಡವೆನ್ನುವ ಪಾಲಕರಿಗೆ ಅಧಿಕಾರಿಗಳು ಮಣಿದರೆ ಮಕ್ಕಳು ಕಲಿಯುವ ಮೊದಲ ಪಾಠ ಅಸ್ಪೃಶ್ಯತೆಯೇ.

ಶಾಲಾಭಿವೃದ್ಧಿ ಸಮಿತಿಗಳಲ್ಲಿ ಪಾಲಕರಾದ ಕಾರ್ಮಿಕರಿಗೂ ಅಂಗಡಿಕಾರರಿಗೂ ಸ್ಥಾನವಿದೆ. ಮುಂದಿನ ಸಭೆಗೆ ತಪ್ಪದೆ ಹೋಗಿರಿ. ಯಾರ ಮಗು ಯಾರ ಪಕ್ಕದಲ್ಲಿ ಉಣ್ಣುತ್ತದೆ, ಯಾರ ಜೊತೆಯಲ್ಲಿ ಆಡುತ್ತದೆ ಎಂದು ಕೇಳಿರಿ. ಉತ್ತರ ತೃಪ್ತಿಕರವಾಗುವವರೆಗೆ ಕೇಳುತ್ತಲೇ ಇರಿ.