ಕುಟ್ಟನಾಡಿನ ಕಳೆ, ವೇಂಬನಾಡಿನ ನೀರು

ಕೇರಳದ ಕುಟ್ಟನಾಡಿನ ಭತ್ತದ ಗದ್ದೆಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ. ಸುತ್ತ ಒಡ್ಡು ಕಟ್ಟಿ, ಒಳಗಿನ ನೀರನ್ನು ಪಂಪಿನಿಂದ ಹೊರಗೆತ್ತಿದರೆ ಮಾತ್ರ ಅಲ್ಲಿ ಬೇಸಾಯ. ಎತ್ತಿದ ನೀರು ಕಾಲುವೆ ಹಿಡಿದು ವೇಂಬನಾಡು ಹಿನ್ನೀರಿಗೆ ಸೇರುತ್ತದೆ. ಅದು 2002ರಲ್ಲಿ ರಾಮ್‌ಸಾರ್ ಅಂತರರಾಷ್ಟ್ರೀಯ ಪಟ್ಟಿ ಸೇರಿದ ಜೌಗುನೆಲ. ಗದ್ದೆಯಲ್ಲಿ ಉಳಿದ ಕಳೆನಾಶಕವೂ ಇದೇ ದಾರಿಯಲ್ಲಿ ಹೊರಬೀಳುತ್ತದೆ.

ಇದಕ್ಕೆ ರೈತನನ್ನು ಬೈಯುವುದು ಸುಲಭ. ಆದರೆ ಅವನ ಗದ್ದೆಯಲ್ಲಿ ಕಾಡುಭತ್ತ ಎದ್ದಿರುತ್ತದೆ. ತೆನೆ ಬರುವವರೆಗೂ ಅದು ಪೈರಿನಂತೆಯೇ ಕಾಣುತ್ತದೆ, ಕೊಯ್ಲಿಗೆ ಮೊದಲೇ ಕಾಳುದುರಿಸಿ ಮುಂದಿನ ಬೆಳೆಗೂ ಕಾದು ಕೂರುತ್ತದೆ. ನಾಟಿ ಬಿಟ್ಟು ನೇರ ಬಿತ್ತನೆ ಮಾಡುವ ಕಡೆಯಂತೂ ಪೈರೂ ಕಳೆಯೂ ಒಟ್ಟಿಗೆ ಮೇಲೇಳುತ್ತವೆ. ಕೈಯಲ್ಲಿ ಕೀಳಿಸೋಣವೆಂದರೆ ಆಳು ಸಿಗುವುದಿಲ್ಲ, ಸಿಕ್ಕರೂ ಕೇರಳದ ಕೂಲಿ ದೇಶದಲ್ಲೇ ಹೆಚ್ಚಿನದು. ಉಳಿದ ಕಳೆಗಳಿಗೆ ಹೊಡೆಯುವ ಕಳೆನಾಶಕ ಔಷಧಗಳೂ ಬದಲಾಗಿವೆ. ಹೆಕ್ಟೇರಿಗೆ ಕಿಲೋ ಹತ್ತಿರ ಬೇಕಾಗುವ 2,4-ಡಿ ಎದುರು ಬಿಸ್‌ಪೈರಿಬ್ಯಾಕ್ ಸುಮಾರು 25 ಗ್ರಾಂ ಸಾಕು.

ಗ್ರಾಂ ಇಳಿದ ಮಾತ್ರಕ್ಕೆ ಹಾನಿಯೂ ಅಷ್ಟೇ ಇಳಿಯಿತೆನ್ನಲಾಗದು. ಈ ಔಷಧ ಹೊಡೆಯುವಾಗ ಎಲೆಗೆ ತಾಗಲೆಂದು ಗದ್ದೆಯ ನೀರು ಬಸಿಯುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೆ ತುಂಬಿಸುತ್ತಾರೆ. ನಡುವೆ ಮಳೆ ಸುರಿದರೆ, ಅವಸರಕ್ಕೆ ಪಂಪು ಓಡಿದರೆ ವಿಷ ಕಾಲುವೆಗೆ ಇಳಿದಂತೆಯೇ. ಹಸಿರು ಗಿಡವನ್ನು ಕೊಲ್ಲಲು ಮಾಡಿದ್ದು ನೀರಿನ ಸೂಕ್ಷ್ಮ ಪಾಚಿಯನ್ನೂ ಬಾಧಿಸಬಲ್ಲದು. ಆ ಪಾಚಿಯನ್ನು ಸೋಸಿ ತಿಂದು ಬದುಕುವುದೇ ವೇಂಬನಾಡಿನ ಕಪ್ಪು ಮರುವಾಯಿ ಎಂಬ ಚಿಪ್ಪುಜೀವಿ. ಅದನ್ನು ಮುಳುಗಿ ಹೆಕ್ಕುವವರಿಗೆ ಭತ್ತದ ಲಾಭದಲ್ಲಿ ಪಾಲಿಲ್ಲ, ಯಾವಾಗ ಏನು ಹೊಡೆಯಬೇಕೆಂಬುದರಲ್ಲಿ ಮಾತೂ ಇಲ್ಲ. ನನ್ನನ್ನು ಹೆಚ್ಚು ಕಾಡುವುದು ಈ ಅನ್ಯಾಯ.

ರೈತರು ಮತ್ತು ಮರುವಾಯಿ ಹೆಕ್ಕುವವರ ನಡುವೆ, ವೇಂಬನಾಡಿಗೆ ಅಡ್ಡಲಾಗಿ ಕಟ್ಟಿದ ತಣ್ಣೀರ್‌ಮುಕ್ಕಂ ಒಡ್ಡಿದೆ. ಬೇಸಿಗೆಯಲ್ಲಿ ಉಪ್ಪುನೀರು ಗದ್ದೆಗೆ ನುಗ್ಗದಂತೆ ಅದರ ಬಾಗಿಲು ಹಾಕುತ್ತಾರೆ. ಅದಿಲ್ಲದೆ ಆ ಕಾಲದ ಪುಂಜ ಬೆಳೆ ಕಷ್ಟ. ಆದರೆ ಬಾಗಿಲು ಬಿದ್ದ ತಿಂಗಳುಗಳಲ್ಲಿ ಉಬ್ಬರವಿಳಿತ ನಿಂತು, ಒಳಗೆ ಬಂದದ್ದೆಲ್ಲ ಒಳಗೇ ಉಳಿಯುತ್ತದೆ. ಸಿಹಿನೀರಿನ ಕಳೆಯನ್ನು ಹತೋಟಿಯಲ್ಲಿಡುತ್ತಿದ್ದ ಉಪ್ಪೂ ಬರುವುದಿಲ್ಲ. ಅಂದರೆ ಔಷಧದ ಅಗತ್ಯವನ್ನೂ ಅದರ ಹಾನಿಯನ್ನೂ ಒಂದೇ ಒಡ್ಡು ಹೆಚ್ಚಿಸುತ್ತಿದೆ. ನಮ್ಮ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಉಪ್ಪಿನ ಜೊತೆಗೇ ಬೆಳೆಯುತ್ತದೆ, ಔಷಧ ಬೇಡುವುದಿಲ್ಲ. ಇಳುವರಿ ಮಾತ್ರ ಕಡಿಮೆ. ಕುಟ್ಟನಾಡಿನವರು ಆ ನಷ್ಟ ಹೊರಲಿ ಎಂದು ದೂರದಲ್ಲಿ ಕೂತು ಹೇಳುವ ಹಕ್ಕು ನಮಗಿಲ್ಲ.

2019ರಲ್ಲಿ ಕೇರಳ ಗ್ಲೈಫೊಸೇಟ್ ಎಂಬ ಕಳೆನಾಶಕವನ್ನು ನಿಷೇಧಿಸಿತು. ಒಂದು ಔಷಧ ಅಂಗಡಿಯಿಂದ ಹೋದರೂ ಕಳೆ ಗದ್ದೆಯಲ್ಲೇ ಉಳಿಯಿತು. ಇಂಥ ನಿಷೇಧಕ್ಕಿಂತ ಕೇರಳ ಕೃಷಿ ವಿಶ್ವವಿದ್ಯಾಲಯ ರೂಪಿಸಿದ, ಪೈರಿಗಿಂತ ಎತ್ತರಕ್ಕೆ ಬೆಳೆದ ಕಾಡುಭತ್ತದ ತೆನೆಗೆ ಮಾತ್ರ ಔಷಧ ಸವರುವ ಸಾಧನದಂಥವುಗಳ ಮೇಲೆ ನನಗೆ ಹೆಚ್ಚು ಭರವಸೆ. ಕೈಕಳೆಗೆ ತಗಲುವ ಕೂಲಿಯಲ್ಲಿ ಸರ್ಕಾರ ಪಾಲು ಹೊರಲಿ. ಬಾಗಿಲು ತೆರೆಯುವ ದಿನ ಗೊತ್ತುಮಾಡುವಾಗ ಮರುವಾಯಿ ಹೆಕ್ಕುವವರನ್ನೂ ಕೂರಿಸಿಕೊಳ್ಳಲಿ. ಪುಂಜದ ಉದ್ದಕ್ಕೂ ಪಂಪಿನ ಬಾಯಲ್ಲೇ ನೀರು ಪರೀಕ್ಷಿಸಿ, ಫಲಿತಾಂಶವನ್ನು ರೈತರಿಗೂ ಮೀನುಗಾರರಿಗೂ ಒಟ್ಟಿಗೇ ಕೊಡಲಿ.