ಅಸಲನ್ನೇ ಬಡ್ಡಿಯೆಂದು ಉಣ್ಣುವವರು

ಬಂಡವಾಳದವರನ್ನು ನಾಡಿಗೆ ಕರೆಯುವ ಮಾತಿಗೆ ತನ್ನದೇ ಆದ ಒಂದು ಜಾಡಿದೆ. ನಮ್ಮಲ್ಲಿ ನೀರು ಹೇರಳ, ಕಾಡು ಹೇರಳ, ಭೂಮಿ ಹಸನು, ಹೆದ್ದಾರಿ ಮಗ್ಗುಲಲ್ಲೇ ಇದೆ, ಬಂದರು ಅರ್ಧ ದಿನದ ದಾರಿ. ಇಷ್ಟು ಹೇಳಿ ಕೈ ಮುಗಿದರೆ ಆ ಮಾತು ಮುಗಿಯಿತು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿಗಳ ಹೂಡಿಕೆಗೆ ಆಶ್ವಾಸನೆ ದೊರೆಯಿತೆಂದು ಸರ್ಕಾರ ಹೆಮ್ಮೆಯಿಂದ ಸಾರಿತು. ಸಂತೋಷವೇ. ನಾಡಿಗೆ ಹಣ ಬರುವುದನ್ನು ಬೇಡವೆನ್ನುವಷ್ಟು ಶ್ರೀಮಂತರು ನಾವಲ್ಲ. ಆದರೆ "ಸಂಪದ್ಭರಿತ ಪ್ರದೇಶ" ಎಂಬ ಮಾತನ್ನು ನಾವು ಬಿಡಿಸಿ ನೋಡುವುದೇ ಇಲ್ಲ. ಆ ಸಂಪತ್ತು ತೆಗೆದರೆ ಮತ್ತೆ ಬರುವಂಥದೆ? ತೆಗೆದುಕೊಂಡವನು ಏನನ್ನು ಬಿಟ್ಟು ಹೋಗುತ್ತಾನೆ? ಈ ಪ್ರಶ್ನೆಗಳನ್ನು ಕೇಳುವುದಕ್ಕೆ ಹಾಸನ ಜಿಲ್ಲೆಯ ಬಿಸಿಲೆಗಿಂತ ತಕ್ಕ ಸ್ಥಳ ಇನ್ನೊಂದಿಲ್ಲ.

ಮೊದಲು ಅನುಕೂಲಗಳನ್ನೇ ಒಪ್ಪಿಕೊಂಡುಬಿಡೋಣ. ಸಕಲೇಶಪುರದಿಂದ ವಣಗೂರಿನ ಮೇಲೆ ಹಾಯ್ದು ಬಿಸಿಲೆ ಘಾಟಿಯನ್ನಿಳಿದರೆ ಸುಬ್ರಹ್ಮಣ್ಯ. ಎದುರಿಗೆ ಕುಮಾರಪರ್ವತ, ಕೆಳಗೆ ಕಣಿವೆ ತುಂಬ ಹಸಿರು. ಗುಡ್ಡದ ಏಣಿನ ಒಂದು ಮಗ್ಗುಲಿಗೆ ಬಿದ್ದ ಮಳೆ ಕುಮಾರಧಾರೆಯನ್ನು ಸೇರಿ, ನೇತ್ರಾವತಿಯೊಡನೆ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಹೇಮಾವತಿಯ ಪಾಲಾಗಿ, ಕಾವೇರಿಯ ಹೆಸರಿನಲ್ಲಿ ಬಂಗಾಳ ಕೊಲ್ಲಿಗೆ. ಒಂದೇ ಬೆಟ್ಟದ ಸಾಲು ಎರಡು ಸಮುದ್ರಗಳಿಗೆ ನೀರು ಹಂಚುತ್ತಿದೆ. ಮಂಗಳೂರಿನ ಬಂದರಿಗೂ ಬೆಂಗಳೂರಿನ ಮಾರುಕಟ್ಟೆಗೂ ನಡುವಿನ ಹೆದ್ದಾರಿ ಶಿರಾಡಿ ಘಾಟಿಯಲ್ಲಿದೆ. 1979ರಲ್ಲಿ ತೆರೆದ ರೈಲುಮಾರ್ಗ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ 57 ಸುರಂಗಗಳನ್ನೂ 109 ಸೇತುವೆಗಳನ್ನೂ ದಾಟಿ ಇಳಿಯುತ್ತದೆ. ಕಾಫಿ, ಮೆಣಸು, ಏಲಕ್ಕಿ ಮೂರೂ ಬೆಳೆಯುವ ಮಣ್ಣು. ದಲ್ಲಾಳಿ ಇದಕ್ಕಿಂತ ಹೆಚ್ಚಿಗೆ ಏನು ಬಯಸಿಯಾನು?

ಬಯಸಿದವರು ಬಂದೇ ಬಂದರು. ಮೊದಲು ವಿದ್ಯುತ್ತಿನವರು. ಇಲ್ಲಿಯ ಹೊಳೆಗಳನ್ನು ಒಟ್ಟುಗೂಡಿಸಿ ಗುಂಡ್ಯ ಜಲವಿದ್ಯುತ್ ಯೋಜನೆಯನ್ನು ಮೊದಲು 400 ಮೆಗಾವಾಟಿಗೆ, ಬಳಿಕ 200 ಮೆಗಾವಾಟಿಗೆ ಕಲ್ಪಿಸಲಾಯಿತು. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರ ತನ್ನ ವರದಿಯಲ್ಲಿ ಇದಕ್ಕೆ ಅನುಮತಿ ಕೊಡಕೂಡದೆಂದು ಬರೆಯಿತು. ಅದು ಕಾಗದದ ಮೇಲೆಯೇ ಉಳಿಯಿತು. ಆಮೇಲೆ ಬಂದದ್ದು ಎತ್ತಿನಹೊಳೆ. ಸಕಲೇಶಪುರದ ಪಶ್ಚಿಮಕ್ಕೆ ಹರಿಯುವ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಎಂಟು ಒಡ್ಡುಗಳನ್ನು ಕಟ್ಟಿ, ನೀರನ್ನು ಪಂಪಿನಿಂದ ಮೇಲೆತ್ತಿ, ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಏಳು ಜಿಲ್ಲೆಗಳಿಗೆ ಸಾಗಿಸುವ ಸಾಹಸ ಅದು. ನೀರಿನ ಅಂದಾಜು 24.01 ಟಿಎಂಸಿ, 2012ರಲ್ಲಿ ವೆಚ್ಚದ ಅಂದಾಜು 8,323 ಕೋಟಿ ರೂಪಾಯಿ, 2014ರಲ್ಲಿ 12,912 ಕೋಟಿ, 2023ರಲ್ಲಿ 23,251 ಕೋಟಿ. 2024ರ ಸೆಪ್ಟೆಂಬರ್ 6ರಂದು, ಗೌರಿಹಬ್ಬದ ದಿನ, ಮೊದಲ ಹಂತಕ್ಕೆ ಬಾಗಿನ ಬಿಟ್ಟರು.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಈ ಹಳ್ಳಗಳನ್ನು ಅಭ್ಯಸಿಸಿ, ಇಲ್ಲಿ ದೊರೆಯುವ ನೀರು 9.55 ಟಿಎಂಸಿ ಎಂದು 2015ರಲ್ಲಿ ಲೆಕ್ಕ ಹಾಕಿದರು. ಸರ್ಕಾರದ 24 ಎಲ್ಲಿ, ವಿಜ್ಞಾನಿಗಳ ಒಂಬತ್ತೂವರೆ ಎಲ್ಲಿ! ಮನೆ ಕಟ್ಟಿಸುವ ಸಾಮಾನ್ಯ ಗುಮಾಸ್ತ ಕೂಡ ಬಾವಿ ತೋಡುವ ಮೊದಲು ನೀರು ನೋಡಿಸುತ್ತಾನೆ. ಇಪ್ಪತ್ತಮೂರು ಸಾವಿರ ಕೋಟಿ ಸುರಿಯುವಾಗ ಆ ಎಚ್ಚರವೂ ಬೇಡವೆ? ಇದು ಕುಡಿಯುವ ನೀರಿನ ಯೋಜನೆ ಎಂಬ ಹೆಸರಿನ ಬಲದಿಂದ ಪರಿಸರ ಪರಿಣಾಮದ ಪೂರ್ವಪರೀಕ್ಷೆಗೂ ಒಳಪಡಲಿಲ್ಲ. ಹೆಸರು ಒಳ್ಳೆಯದಾದರೆ ಪರೀಕ್ಷೆ ಬೇಡವೆಂಬುದು ಹೊಸ ನ್ಯಾಯ.

ಕೋಲಾರದವರಿಗೆ ನೀರು ಬೇಡವೆಂದು ಯಾರೂ ಹೇಳಲಾರರು. ಬಾಯಾರಿದವನೊಡನೆ ವಾದ ಮಾಡುವುದು ಸಭ್ಯತೆಯೂ ಅಲ್ಲ. ಆದರೆ ಕೋಲಾರವೆಂದರೆ ಯಾವುದು? ಒಂದು ಕಾಲಕ್ಕೆ ಈ ದೇಶದಲ್ಲೇ ಸಂಪದ್ಭರಿತವೆಂದು ಹೆಸರಾದ ಸೀಮೆಯಲ್ಲವೆ? 1880ರ ದಶಕದಿಂದ ಅಲ್ಲಿ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯಿತು. 1902ರಲ್ಲಿ, ಬೆಂಗಳೂರಿನ ಬೀದಿಗಳಿಗೆ ದೀಪ ಬರುವುದಕ್ಕೂ ಮೊದಲು, ಶಿವನಸಮುದ್ರದ ವಿದ್ಯುತ್ತು ಆ ಗಣಿಗಳಿಗೆ ಹರಿಯಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಬಂಗಾರ ಭೂಮಿಯಿಂದ ಮೇಲೆ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆ ಊರಿಗೆ ಉಳಿದದ್ದು ಸಯನೈಡ್ ಬೆರೆತ ಮಣ್ಣಿನ ಗುಡ್ಡಗಳು, ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುವ ಜನ. 2018ರಿಂದ ಆ ಜಿಲ್ಲೆಯ ಕೆರೆಗಳಿಗೆ ಬೆಂಗಳೂರಿನ ಕೊಳಚೆಯನ್ನು ಶುದ್ಧಿಮಾಡಿದ ನೀರು ಹರಿಯುತ್ತಿದೆ. 800 ಟನ್ ಚಿನ್ನ ಕೊಟ್ಟ ನೆಲ ಒಂದು ಕೊಡ ನೀರಿಗಾಗಿ ಬಿಸಿಲೆಯ ಗುಡ್ಡಗಳ ಕಡೆ ಕೈ ಚಾಚಬೇಕಾಯಿತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯುಂಟು. ಕೋಲಾರದ ಕುಡಿಕೆಯನ್ನು ಉಂಡವರು ಬೇರೆ, ಖಾಲಿ ಕುಡಿಕೆಯನ್ನು ಹಿಡಿದು ಕೂತವರು ಬೇರೆ.

ಮಲೆನಾಡಿನಲ್ಲೇ ಇನ್ನೊಂದು ಸಾಕ್ಷಿ ಕುದುರೆಮುಖ. ಇರಾನಿನ ಸಾಲದ ಭರವಸೆಯ ಮೇಲೆ 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಹುಟ್ಟಿತು. ಷಾ ದೊರೆ ಪದಚ್ಯುತನಾದ ಮೇಲೆ ಕೊಳ್ಳುವವರೇ ಹಿಂದೆ ಸರಿದರು. ಕೊನೆಗೆ ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಮೂವತ್ತು ವರ್ಷಗಳ ವ್ಯಾಪಾರ, ಅದಕ್ಕಾಗಿ ಕಟ್ಟಿದ ಊರು, ಆ ಊರಿನ ಖಾಲಿ ಮನೆಗಳು!

ಈ ಎರಡು ಊರುಗಳಿಂದ ಕಲಿಯಬೇಕಾದ ಪಾಠ ಲೆಕ್ಕಪತ್ರದ್ದು, ಭಾವುಕತೆಯದಲ್ಲ. ಸಾಹುಕಾರನ ಮಗನಿಗೂ ಅಸಲು ಯಾವುದು, ಬಡ್ಡಿ ಯಾವುದು ಎಂಬುದು ತಿಳಿದಿರಬೇಕು. ಚಿನ್ನದ ಗಣಿಯಲ್ಲಿ ಬಡ್ಡಿಯೆಂಬುದೇ ಇಲ್ಲ, ತೆಗೆದದ್ದೆಲ್ಲ ಅಸಲೇ. ಬಿಸಿಲೆಯ ಭಾಗ್ಯ ಅದಕ್ಕಿಂತ ದೊಡ್ಡದು. ಇಲ್ಲಿ ಬಡ್ಡಿ ಪ್ರತಿವರ್ಷ ಜೂನ್ ತಿಂಗಳಿನಲ್ಲಿ ಮೋಡವಾಗಿ ಬರುತ್ತದೆ. ಆದರೆ ಆ ಬಡ್ಡಿಯನ್ನು ಹಿಡಿದಿಡುವ ಪೆಟ್ಟಿಗೆ ಕಾಡು. ಮಳೆಗಾಲದ ನಾಲ್ಕು ತಿಂಗಳ ನೀರನ್ನು ಬೇರು, ತರಗೆಲೆ, ಮಣ್ಣು ಹೀರಿಟ್ಟುಕೊಂಡು ಫಾಲ್ಗುಣ ಚೈತ್ರಗಳಲ್ಲಿ ತೊಟ್ಟುತೊಟ್ಟಾಗಿ ಹೊಳೆಗೆ ಬಿಡುತ್ತವೆ. ಮರ ಹೋದರೆ ಮಳೆ ನಿಲ್ಲದಿರಬಹುದು, ಹೊಳೆ ನಿಲ್ಲುತ್ತದೆ. ಆಗ ಜುಲೈಯಲ್ಲಿ ಪ್ರವಾಹ, ಮಾರ್ಚಿಯಲ್ಲಿ ಬಂಡೆ. ಹೊಳೆಯ ನೀರಿಗಾಗಿ ಹೊಳೆಯ ಹುಟ್ಟನ್ನೇ ಕಡಿಯುವುದು ಹೂಡಿಕೆಯಲ್ಲ. ಬ್ಯಾಂಕಿನಲ್ಲಿ ಮೊಮ್ಮಕ್ಕಳ ಹೆಸರಿನಲ್ಲಿಟ್ಟದ್ದನ್ನು ತಾತ ಬಂದು ಎತ್ತಿಕೊಂಡಂತೆ.

ಇದನ್ನು ಕಾಫಿಯವರು ಬಹಳ ಹಿಂದೆಯೇ ಕಲಿತರು. ಹತ್ತೊಂಬತ್ತನೆಯ ಶತಮಾನದಲ್ಲಿ ಸಿಂಹಳದ ಬಿಳಿಯ ತೋಟಗಾರರು ಬೆಟ್ಟಗಳನ್ನು ಬೋಳಿಸಿ ಕಾಫಿ ನೆಟ್ಟರು. 1869ರಲ್ಲಿ ಎಲೆಯ ತುಕ್ಕುರೋಗ ಕಾಣಿಸಿಕೊಂಡು, ಇಪ್ಪತ್ತು ವರ್ಷಗಳೊಳಗೆ ಆ ದ್ವೀಪದ ಕಾಫಿ ವ್ಯಾಪಾರವನ್ನೇ ಮುಗಿಸಿತು. ನಮ್ಮ ಕಡೆಯೂ ನೆರಳಿಲ್ಲದ ತೋಟಗಳನ್ನು ಕಾಂಡಕೊರಕ ಹುಳು ತಿಂದಿತು. 1850ರ ದಶಕದಿಂದ ಮಂಜರಾಬಾದಿನಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ ನೆರಳಿನ ಮರಗಳ ಮಹತ್ವವನ್ನು ಪುಸ್ತಕದಲ್ಲೇ ಬರೆದಿಟ್ಟ. ಇಂದಿಗೂ ಸಕಲೇಶಪುರದ ಕಾಫಿ ಮರದ ನೆರಳಿನಲ್ಲಿ ಬೆಳೆಯುತ್ತದೆ, ಮೆಣಸಿನ ಬಳ್ಳಿ ಅದೇ ಮರಕ್ಕೆ ಹಬ್ಬುತ್ತದೆ. ಮರ ನಿಂತಿದ್ದರೇ ಲಾಭ ಎಂಬ ವ್ಯಾಪಾರ ಇದೊಂದು. ನೂರೈವತ್ತು ವರ್ಷಗಳಿಂದ ಹಣ ತರುತ್ತಿರುವ ಈ ವ್ಯಾಪಾರವನ್ನು ಹೂಡಿಕೆದಾರರ ಸಮಾವೇಶದಲ್ಲಿ ಯಾರೂ ಹೊಗಳುವುದಿಲ್ಲ. ಅದಕ್ಕೆ ಶಿಲಾನ್ಯಾಸ ಮಾಡಿ ಪಟ ತೆಗೆಸಿಕೊಳ್ಳಲು ಬರುವುದಿಲ್ಲವಲ್ಲ!

ಅಸಲನ್ನು ಕರಗಿಸಿದ್ದರ ದಂಡವನ್ನು ಬೆಟ್ಟದವರು ಈಗಾಗಲೇ ತೆರುತ್ತಿದ್ದಾರೆ. 2018ರ ಆಗಸ್ಟಿನಲ್ಲಿಯೂ 2024ರ ಜುಲೈಯಲ್ಲಿಯೂ ಗುಡ್ಡ ಕುಸಿದು ರೈಲುಗಳು ನಿಂತವು. ಶಿರಾಡಿಯ ದೊಡ್ಡತಪ್ಪಲೆಯಲ್ಲಿ ಹೆದ್ದಾರಿಯ ಮೇಲೆ ಮಣ್ಣು ಬಂದು ಬಿತ್ತು. ಆಲೂರು, ಸಕಲೇಶಪುರಗಳಲ್ಲಿ ಕಾಡು ತುಂಡುತುಂಡಾಗಿ ಆನೆ ತೋಟಕ್ಕಿಳಿಯಿತು. ಉಚ್ಚ ನ್ಯಾಯಾಲಯ ನೇಮಿಸಿದ ಆನೆ ಕಾರ್ಯಪಡೆ 2012ರಲ್ಲಿ ಇಲ್ಲಿಯ ಆನೆಗಳನ್ನು ಹಿಡಿದು ಸಾಗಿಸಬೇಕೆಂದಿತು; 22 ಆನೆಗಳನ್ನು ಹಿಡಿದದ್ದೂ ಆಯಿತು. ಆದರೂ ಆನೆ ಬರುವುದು ನಿಲ್ಲಲಿಲ್ಲ. ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರಿನ ಕಾಡಿನಲ್ಲಿ ಪುಂಡಾನೆಯ ಸೆರೆ ಕಾರ್ಯದಲ್ಲೇ ಸತ್ತ. ನಾಡೇ ಕಣ್ಣೀರಿಟ್ಟಿತು, ನಿಜ. ಆದರೆ ಬೆಳಗಿನ ಜಾವ ತೋಟಕ್ಕೆ ಹೊರಟು ಆನೆಯ ಕಾಲಿಗೆ ಸಿಕ್ಕ ಕೂಲಿಯವರಿಗೆ ಅಷ್ಟು ಕಣ್ಣೀರು ಸಿಕ್ಕಿದೆಯೆ? ಯಾವ ಯೋಜನೆಯ ಖರ್ಚಿನ ಪಟ್ಟಿಯಲ್ಲಿ ಅವರ ಪ್ರಾಣದ ಬೆಲೆ ಬರೆದಿದೆ?

"ಹಾಗಾದರೆ ಮಲೆನಾಡಿನವರು ಕತ್ತಲೆಯಲ್ಲಿಯೇ ಇರಬೇಕೆ? ಅವರ ಮಕ್ಕಳಿಗೆ ಉದ್ಯೋಗ ಬೇಡವೆ?" ಎಂದು ಕೇಳುವವರುಂಟು. ಕೇಳತಕ್ಕ ಪ್ರಶ್ನೆಯೇ. ಆದರೆ ಒಡ್ಡು, ಕೊಳವೆ, ಪಂಪುಗಳು ಕಟ್ಟುವಾಗ ಹೊರಗಿನ ಕೂಲಿಯನ್ನು ತರುತ್ತವೆ, ಕಟ್ಟಿದ ಮೇಲೆ ನಾಲ್ಕು ಜನ ಕಾವಲುಗಾರರನ್ನು ಇಡುತ್ತವೆ. ಕಾಡನ್ನು ಕಾಯುವ ನಿಯಮವೆಂದರೆ ಮಲೆನಾಡಿಗರು ಸಿಡಿದೇಳುವುದಕ್ಕೂ ಕಾರಣವಿದೆ. ಬಡವನ ಕೊಟ್ಟಿಗೆಗೆ ನಿಯಮ, ದೊಡ್ಡ ಯಂತ್ರಕ್ಕೆ ವಿನಾಯಿತಿ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ನಿಯಮ ಮೊದಲು ಸರ್ಕಾರವನ್ನು ಕಟ್ಟಲಿ. ಆಮೇಲೆ ಒಕ್ಕಲಿಗನೂ ಕೇಳಿಯಾನು.

ದಾರಿ ಇಲ್ಲದೆ ಇಲ್ಲ. ನ್ಯೂಯಾರ್ಕ್ ನಗರಕ್ಕೆ ನೀರು ಬರುವುದು ಕ್ಯಾಟ್‌ಸ್ಕಿಲ್ ಬೆಟ್ಟಗಳಿಂದ. ನೀರು ಸೋಸುವ ಕಾರ್ಖಾನೆಗೆ 600 ಕೋಟಿ ಡಾಲರಿನಷ್ಟು ಬೇಕಾಗುವುದೆಂದು ಲೆಕ್ಕ ಬಂದಾಗ, ನಗರದವರು 1997ರಲ್ಲಿ ಬೆಟ್ಟದ ಊರುಗಳೊಡನೆ ಒಪ್ಪಂದ ಮಾಡಿಕೊಂಡರು. ಅದಕ್ಕಿಂತ ಎಷ್ಟೋ ಕಡಿಮೆ ಹಣವನ್ನು ಬೆಟ್ಟಕ್ಕೇ ಕೊಟ್ಟರು: ಕಾಡು ಉಳಿಸಲು, ರೈತರ ಕೊಟ್ಟಿಗೆ ಶುಚಿಗೊಳಿಸಲು, ಊರಿನ ಚರಂಡಿ ಸರಿಪಡಿಸಲು. ಅದು ದಾನವಲ್ಲ, ಬುದ್ಧಿವಂತ ವ್ಯಾಪಾರ. ನೀರು ಕುಡಿಯುವವನು ನೀರು ಕಾಯುವವನಿಗೆ ಬಾಡಿಗೆ ಕೊಟ್ಟ, ಅಷ್ಟೆ.

ನಮ್ಮಲ್ಲಿ ಬೇಕಾಗಿರುವುದೂ ಅದೇ. ಈ ಬೆಟ್ಟದಿಂದ ನೀರು ಪಡೆಯುವ ಪ್ರತಿ ನಗರವೂ ನೀರಿನ ಬಿಲ್ಲಿನಲ್ಲಿ ಬೆಟ್ಟದ ಪಾಲೆಂದು ಒಂದು ಬಾಬನ್ನು ಸೇರಿಸಲಿ; ಅದು ವಿಧಾನಸೌಧದ ಖಜಾನೆಯಲ್ಲಿ ಕರಗದೆ ಸಕಲೇಶಪುರ, ಆಲೂರುಗಳ ಗ್ರಾಮ ಪಂಚಾಯಿತಿಗಳಿಗೆ ಸೇರಲಿ. ಆನೆ ತುಳಿದ ಗದ್ದೆಯ ಪರಿಹಾರ ಮುಂದಿನ ಬೆಳೆಗೆ ಮೊದಲೇ ಕೈಗೆ ಬರಲಿ. ಬಂಡವಾಳ ಬರಬೇಕಾದರೆ ಬೆಟ್ಟದ ಬೆಳೆಗೆ ಬರಲಿ. ಕಾಫಿ ಮಂಡಳಿಯ ಪಟ್ಟಿಯಲ್ಲಿ ಮಂಜರಾಬಾದ್ ಒಂದು ಪ್ರತ್ಯೇಕ ಕಾಫಿ ಸೀಮೆ. ಆ ಹೆಸರನ್ನು ಬೆಂಗಳೂರಿನ ಎಷ್ಟು ಕಾಫಿಪುಡಿ ಅಂಗಡಿಗಳ ಹಲಗೆಯ ಮೇಲೆ ಕಂಡಿದ್ದೀರಿ? ಬೀಜ ಇಲ್ಲಿಂದ ಮೂಟೆಯಾಗಿ ಹೋಗಿ, ಹುರಿದ ಲಾಭ ಇನ್ನೆಲ್ಲೋ ಉಳಿಯುತ್ತದೆ. ಹುರಿಯುವ ಒಲೆಯೂ ಹೆಸರಿನ ಚೀಟಿಯೂ ಬೆಟ್ಟದಲ್ಲೇ ಇದ್ದರೆ ಅಲ್ಲಿಯ ಹುಡುಗರು ಉದ್ಯೋಗಕ್ಕೆ ಬಸ್ಸು ಹತ್ತಬೇಕಾಗಿಲ್ಲ. ಈ ಸೀಮೆಗೆ ಬರುವ ಪ್ರತಿ ಯೋಜನೆಯ ಕಾಗದದಲ್ಲೂ ಇಷ್ಟು ಹಣ ತರುತ್ತೇವೆ ಎಂಬ ಕಲಮಿನ ಪಕ್ಕದಲ್ಲಿ, ಮೂವತ್ತು ವರ್ಷಗಳ ಮೇಲೆ ಇಷ್ಟನ್ನು ಬಿಟ್ಟು ಹೋಗುತ್ತೇವೆ ಎಂಬ ಕಲಮೂ ಇರಲಿ. ಎರಡನೆಯದನ್ನು ತುಂಬಲಾರದವನಿಗೆ ಘಾಟಿ ಹತ್ತಲು ಅಪ್ಪಣೆ ಬೇಡ.

ಪಟ್ಟಣದ ವಾಚಕರೇ, ಇದು ಮಲೆನಾಡಿನವರ ಜಗಳ, ನಮಗೇನೆಂದು ಪುಟ ತಿರುವಬೇಡಿ. ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿಯಲ್ಲಿ ಹೇಮಾವತಿಯ ಪಾಲಿದೆ. ಬೆಳಗಿನ ಲೋಟದ ಕಾಫಿಯಲ್ಲಿ ಆ ಮರಗಳ ನೆರಳಿದೆ. ಕೋಲಾರದ ಚಿನ್ನ ಮುಗಿದಾಗ ನೀರಿಗಾಗಿ ನೋಡಲು ಪಶ್ಚಿಮದಲ್ಲೊಂದು ಬೆಟ್ಟವಿತ್ತು. ಈ ಬೆಟ್ಟವೂ ಮುಗಿದರೆ ಅದರಾಚೆಗೆ ಇರುವುದು ಉಪ್ಪುನೀರಿನ ಸಮುದ್ರ.