ಆಸ್ಟರ್ ಬೀಜ ಯಾವ ಗಿಡದ್ದು?

ಹೆಪಾಟಿಕಾ ಎಂಬ ಚಳಿನಾಡಿನ ಹೂಗಿಡ ಆರ್.ಟಿ. ನಗರದ ಕುಂಡಗಳಲ್ಲಿ ಬಾಳದು. ಅದಕ್ಕೆ ಕೊರೆಯುವ ಚಳಿಗಾಲವೇ ಬೇಕು. ಜಪಾನಿನಲ್ಲಿ ಅದರ ಹೊಸ ತಳಿ ಎಬ್ಬಿಸುವವರು ಬೀಜ ಬಿತ್ತಿ, ಮೊದಲ ಹೂವಿಗಾಗಿ ವರ್ಷಗಟ್ಟಲೆ ಕಾದು, ಮೆಚ್ಚಿದ ಗಿಡವನ್ನೇ ತಾಯಿಗಿಡವಾಗಿ ಉಳಿಸಿಕೊಳ್ಳುತ್ತಾರೆ. ನಮ್ಮ ಚೈನಾ ಆಸ್ಟರ್ ಬಿತ್ತಿದ ಕೆಲವೇ ತಿಂಗಳಲ್ಲಿ ಹೂ ಬಿಡುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುಲಾಬಿ ಬಣ್ಣದ ಕಾಮಿನಿ, ಬಿಳಿಯ ಪೂರ್ಣಿಮಾ ತಳಿಗಳನ್ನು ಕೊಟ್ಟಿದೆ. ಆದರೆ ನಾವು ಮಾಡುವುದೇನು? ಒಳ್ಳೆಯ ಹೂವೆಲ್ಲ ಮಾರುಕಟ್ಟೆಗೆ, ಮಿಕ್ಕ ಜೊಳ್ಳು ಹೂ ಬೀಜಕ್ಕೆ! ತಳಿ ಕೆಡುವುದು ಹೀಗೆಯೇ.

ಮೊದಲ ಕೊಯ್ಲಿಗೆ ಮುಂಚೆಯೇ ಉತ್ತಮ ಗಿಡಗಳಿಗೆ ದಾರ ಕಟ್ಟಿ. ವರಮಹಾಲಕ್ಷ್ಮಿ ಹಬ್ಬದ ಬೆಲೆ ಎಷ್ಟೇ ಏರಲಿ, ಅವುಗಳ ಹೂ ಕೀಳಬೇಡಿ. ಜೇನ್ನೊಣಗಳಿಂದ ಅಷ್ಟಿಷ್ಟು ಬೆರಕೆಯಾಗುವುದುಂಟು. ಬೇರೆ ಬಣ್ಣದ ಗಿಡ ಕಂಡೊಡನೆ ಕಿತ್ತುಹಾಕಿ. ಬೀಜವನ್ನು ಚೆನ್ನಾಗಿ ಒಣಗಿಸಿ, ಮುಂದಿನ ಹಂಗಾಮಿಗೇ ಬಿತ್ತಿ. ಹಳೆಯ ಆಸ್ಟರ್ ಬೀಜ ಸರಿಯಾಗಿ ಮೊಳೆಯದು.